ಕಾಡಿಗೆ ಗೊಬ್ಬರ ಹಾಕುವವರು ಯಾರು?

ಮಕ್ಕಳೇ, ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯನ್ನು ನೀವು ನೋಡಿರಬಹುದು. ಕಾವೇರಿ ದಡದಲ್ಲಿ ಆಂಜನೇಯನ ಗುಡಿ, ಸುತ್ತಲೂ ವನ್ಯಜೀವಿಧಾಮದ ಕಾಡು. ಅಲ್ಲಿನ ಹೊಳೆಮತ್ತಿ, ಹುಣಸೆ ಮರಗಳಿಗೆ ಯಾರೂ ಯೂರಿಯಾ ಹಾಕುವುದಿಲ್ಲ. ಆದರೂ ಅವು ಸೊಂಪಾಗಿ ಬೆಳೆದಿವೆ. ನಮ್ಮ ಕಬ್ಬಿನ ಗದ್ದೆಗೆ ಮಾತ್ರ ಪ್ರತಿ ಬೆಳೆಗೂ ಮೂಟೆಗಟ್ಟಲೆ ಗೊಬ್ಬರ ಬೇಕು. ಏಕೆ ಹೀಗೆ?

ಮಣ್ಣಿನೊಳಗಿನ ಅಡುಗೆಮನೆ

ಕಾಡಿನಲ್ಲಿ ಬಿದ್ದ ಎಲೆ ಅಲ್ಲೇ ಉಳಿಯುತ್ತದೆ. ಗೆದ್ದಲು, ಎರೆಹುಳು, ಶಿಲೀಂಧ್ರ, ಬ್ಯಾಕ್ಟೀರಿಯಗಳು ಅದನ್ನು ತಿಂದು ಕೊಳೆಸುತ್ತವೆ. ಆಗ ಎಲೆಯಲ್ಲಿದ್ದ ಪೋಷಕಾಂಶಗಳು ಬೇರುಗಳಿಗೆ ಮತ್ತೆ ಸಿಗುತ್ತವೆ. ಫಲವತ್ತಾದ ಒಂದು ಚಮಚ ಮಣ್ಣಿನಲ್ಲಿ 100 ಕೋಟಿಯಷ್ಟು ಬ್ಯಾಕ್ಟೀರಿಯಗಳು ಇರಬಲ್ಲವು!

ಗದ್ದೆಯಲ್ಲಿ ಏನಾಗುತ್ತದೆ? ಕಬ್ಬು ಕಾರ್ಖಾನೆಗೋ ಆಲೆಮನೆಗೋ ಹೋಗುತ್ತದೆ. ಉಳಿದ ತರಗಿಗೆ ಬೆಂಕಿ ಇಟ್ಟರೆ ಅದರ ಇಂಗಾಲ, ಸಾರಜನಕಗಳಲ್ಲಿ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಯೂರಿಯಾ ಗಿಡಕ್ಕೆ ಸಾರಜನಕ ಕೊಡುತ್ತದೆ, ನಿಜ. ಆದರೆ ಮಣ್ಣಿನ ಜೀವಿಗಳಿಗೆ ಬೇಕಾದ ಕಸಕಡ್ಡಿ, ಸೊಪ್ಪುಸದೆಯ ಊಟ ಅದರಲ್ಲಿಲ್ಲ.

ಒಂದೇ ದಿನದಲ್ಲಿ ಆಗದು

ಹಾಗಾದರೆ ನಾಳೆಯೇ ಯೂರಿಯಾ ನಿಲ್ಲಿಸಿದರೆ ಸಾವಯವ ಕೃಷಿ ಆಯಿತೇ? ಇಲ್ಲ. ಮಣ್ಣಿನ ಜೀವಿಗಳು ಹೆಚ್ಚುವ ಮೊದಲೇ ಗೊಬ್ಬರ ನಿಂತರೆ ಇಳುವರಿ ಕುಸಿಯಬಹುದು. ಸಾಲ ಮಾಡಿ ಬೆಳೆ ಇಟ್ಟ ಮನೆಗೆ ಅದು ದೊಡ್ಡ ಪೆಟ್ಟು. ಆದ್ದರಿಂದ ಮೊದಲು ಜಮೀನಿನ ಒಂದು ಭಾಗವನ್ನು ಮಾತ್ರ ಬದಲಿಸುವುದು ಜಾಣತನ. ಸಾವಯವ ಪ್ರಮಾಣಪತ್ರಕ್ಕೂ ಸಾಮಾನ್ಯವಾಗಿ 2 ವರ್ಷ, ದ್ರಾಕ್ಷಿಯಂಥ ಬಹುವಾರ್ಷಿಕ ಬೆಳೆಗಾದರೆ 3 ವರ್ಷ ಕಾಯಬೇಕು.

ಈ ಅವಧಿಯಲ್ಲಿ ಮಾಡಬೇಕಾದುದೇನು? ತರಗನ್ನು ಸುಡದೆ ಸಾಲುಗಳ ನಡುವೆ ಹರಡಬೇಕು. ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ. ಆದರೆ ಒಣ ತರಗನ್ನು ಕೊಳೆಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಬಳಸುತ್ತವೆ. ಆಗ ಬೆಳೆ ಸ್ವಲ್ಪ ದಿನ ಹಳದಿಯಾಗಬಹುದು. ಅದಕ್ಕೇ ಜೊತೆಗೆ ಸಗಣಿ ಬಗ್ಗಡ ಹಾಕುವುದು. ಡಯಾಂಚ ಬಿತ್ತಿ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಬಹುದು. ಅಲಸಂದೆಯನ್ನೂ ಬೆಳೆಯಬಹುದು. ಇವುಗಳ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ.

ನಮ್ಮ ತಾಲ್ಲೂಕಿನಲ್ಲೇ ಉದಾಹರಣೆ ಇದೆ. ಕಿರುಗಾವಲಿನ ರೈತ ಸೈಯದ್ ಘನಿ ಖಾನ್ ಅವರು ರಾಸಾಯನಿಕ ಬಿಟ್ಟು ನೂರಾರು ನಾಟಿ ಭತ್ತದ ತಳಿಗಳನ್ನು ಬೆಳೆಸಿ ಉಳಿಸಿದ್ದಾರೆ. ನಾಟಿ ಭತ್ತದಲ್ಲಿ ಎತ್ತರ ಬೆಳೆಯುವ ತಳಿಗಳು ಹಲವು. ಅವುಗಳಿಂದ ಹುಲ್ಲು ಹೆಚ್ಚು ಸಿಗುತ್ತದೆ. ಹುಲ್ಲು ದನಕ್ಕೆ, ಸಗಣಿ ಗದ್ದೆಗೆ.

ಮಾಡಿ ನೋಡಿ

ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ. ಸದಾ ಉಳುವ ಹೊಲದಿಂದ ಒಂದು ಹೆಂಟೆ, ಅದೇ ಊರಿನ ಹೊಂಗೆ ಮರದ ಬುಡದಿಂದ ಇನ್ನೊಂದು ಹೆಂಟೆ ತನ್ನಿ. (ವನ್ಯಜೀವಿಧಾಮದ ಒಳಗಿಂದ ಮಣ್ಣು ತರಬೇಡಿ.) ಎರಡನ್ನೂ ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಮೆಲ್ಲಗೆ ನೀರಿಗೆ ಬಿಡಿ. ಯಾವುದು ಬೇಗ ಕರಗಿ ಕುಸಿಯಿತು? ಶಿಲೀಂಧ್ರದ ಎಳೆಗಳು, ಸೂಕ್ಷ್ಮಜೀವಿಗಳ ಅಂಟು ಹೆಚ್ಚಿರುವ ಮಣ್ಣು ಬಿಗಿಯಾಗಿ ನಿಲ್ಲುತ್ತದೆ. ಅಂಥ ಮಣ್ಣು ಮಳೆಗೂ ಸುಲಭವಾಗಿ ಕೊಚ್ಚಿಹೋಗದು. ಎಷ್ಟು ನಿಮಿಷ ನಿಂತಿತು ಎಂದು ಬರೆದಿಟ್ಟು, ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.