ಲಾರಿಯ ಯೂರಿಯಾ ಸಿಸ್ಟಂ ‘ಆಫ್’ ಮಾಡಿಸಬಹುದೇ? ಎಮಿಷನ್ ಟೆಸ್ಟ್ ಪಾಸಾದರೂ ಕಾನೂನಿನ ತೊಡಕು ತಪ್ಪುವುದಿಲ್ಲ

ಘಾಟಿ ಹತ್ತುವಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಲಾರಿಯ ಪಿಕಪ್ ಬಿದ್ದುಹೋಗುತ್ತದೆ. ಲೋಡನ್ನು ನಾಳೆ ಬೆಳಿಗ್ಗೆಯೊಳಗೆ ಇಳಿಸಬೇಕು. ಕಂಪನಿ ಸರ್ವೀಸ್ ಸೆಂಟರ್‌ಗೆ ಹೋದರೆ ಎರಡು ದಿನದ ಬಾಡಿಗೆ ಕೈತಪ್ಪುತ್ತದೆ. ಆಗ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ಯಾರೋ ಹೇಳುತ್ತಾರೆ: “ಯೂರಿಯಾನೇ ಆಫ್ ಮಾಡ್ಕೊಡ್ತೀನಿ ಬಿಡಿ ಅಣ್ಣ. ಒಂದು ಸಣ್ಣ ಬಾಕ್ಸ್ ಹಾಕಿದ್ರೆ ಆಯ್ತು. ಎಮಿಷನ್ ಟೆಸ್ಟೂ ಪಾಸಾಗುತ್ತೆ, ಯಾರಿಗೂ ಗೊತ್ತಾಗಲ್ಲ.”

ಈ ಮಾತಿನಲ್ಲಿ ಅರ್ಧ ನಿಜವಿದೆ. ಎಮಿಷನ್ ಟೆಸ್ಟ್ ನಿಜವಾಗಿಯೂ ಪಾಸಾಗಬಹುದು. ಆದರೆ ಟೆಸ್ಟ್ ಪಾಸಾಗುವುದೂ ಕಾನೂನು ಪಾಲಿಸುವುದೂ ಒಂದೇ ಅಲ್ಲ. ಸಿಕ್ಕಿಬಿದ್ದಾಗ ಬಾಕ್ಸ್ ಹಾಕಿಕೊಟ್ಟವನು ಪಕ್ಕದಲ್ಲಿ ಇರುವುದಿಲ್ಲ. ಮಾಲೀಕ ಮತ್ತು ಚಾಲಕ ಮಾತ್ರ ಇರುತ್ತಾರೆ. ಏನು, ಏಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಆ ಯೂರಿಯಾ ಯಾಕೆ ಬೇಕು?

ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಲ್ಲಿದೆ. ಭಾರಿ ಡೀಸೆಲ್ ವಾಹನಗಳ ಮಟ್ಟಿಗೆ ಇದು ದೊಡ್ಡ ಬದಲಾವಣೆ. ಬಿಎಸ್-4ರಲ್ಲಿ ಇಂಜಿನ್ ಒಂದು ಯೂನಿಟ್ (ಕಿಲೋವ್ಯಾಟ್-ಗಂಟೆ) ಕೆಲಸ ಮಾಡಿದರೆ 3.5 ಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಲು ಅವಕಾಶವಿತ್ತು. ಬಿಎಸ್-6ರಲ್ಲಿ ಅದು ಅರ್ಧ ಗ್ರಾಂಗಿಂತಲೂ ಕಡಿಮೆ.

ಇಷ್ಟು ಇಳಿಸಲು ಇಂಜಿನ್ ಒಂದರಿಂದಲೇ ಆಗುವುದಿಲ್ಲ. ಹಾಗಾಗಿ ಸೈಲೆನ್ಸರ್ ದಾರಿಯಲ್ಲಿ ಎರಡು ಮುಖ್ಯ ಸಾಧನಗಳು ಕುಳಿತಿವೆ. ಮೊದಲನೆಯದು ಡಿಪಿಎಫ್. ಇದು ಮಸಿಯನ್ನು ಹಿಡಿದಿಟ್ಟುಕೊಂಡು, ಆಗಾಗ ಹೆಚ್ಚಿನ ಶಾಖದಲ್ಲಿ ಸುಟ್ಟು ಬೂದಿ ಮಾಡುವ ಜರಡಿ. ಎರಡನೆಯದು ಎಸ್‌ಸಿಆರ್. ಇಲ್ಲಿ ಬಿಸಿ ಹೊಗೆಗೆ ಡಿಇಎಫ್ ದ್ರಾವಣವನ್ನು ಸಿಂಪಡಿಸಲಾಗುತ್ತದೆ. ಚಾಲಕರು ಯೂರಿಯಾ ಅಥವಾ ಆಡ್‌ಬ್ಲೂ ಎನ್ನುವುದು ಇದನ್ನೇ. ಇದರಲ್ಲಿ ಶೇ 32.5ರಷ್ಟು ಶುದ್ಧ ಯೂರಿಯಾ, ಉಳಿದದ್ದು ಶುದ್ಧೀಕರಿಸಿದ ನೀರು. ಶಾಖಕ್ಕೆ ಯೂರಿಯಾ ಅಮೋನಿಯಾ ಆಗುತ್ತದೆ; ಅಮೋನಿಯಾ ಸೇರಿ ನೈಟ್ರೋಜನ್ ಆಕ್ಸೈಡ್ ಸಾಮಾನ್ಯ ನೈಟ್ರೋಜನ್ ಮತ್ತು ನೀರಾವಿಯಾಗಿ ಬದಲಾಗುತ್ತದೆ.

ಡಿಇಎಫ್ ಮುಗಿದರೆ ಅಥವಾ ಕಳಪೆಯಾಗಿದ್ದರೆ ಇಂಜಿನ್‌ನ ಕಂಪ್ಯೂಟರ್ ಮೊದಲು ದೀಪ ಹಚ್ಚುತ್ತದೆ, ಆಮೇಲೆ ಶಕ್ತಿ ಇಳಿಸುತ್ತದೆ, ಕೊನೆಗೆ ಗಾಡಿಯನ್ನು ತೆವಳುವ ವೇಗಕ್ಕೆ ತರುತ್ತದೆ. ಇದು ಕೆಟ್ಟುಹೋದ ಲಕ್ಷಣವಲ್ಲ. ಈ ವ್ಯವಸ್ಥೆಯನ್ನು ಯಾರೂ ಕಡೆಗಣಿಸಬಾರದೆಂದು ನಿಯಮವೇ ಹಾಗೆ ಮಾಡಿಸಿದೆ.

ಬಾಕ್ಸ್ ಮಾಡುವ ಕೆಲಸ ಏನು?

ಗ್ಯಾರೇಜಿನವರು ಹಾಕುವ ಬಾಕ್ಸಿಗೆ ಎಮ್ಯುಲೇಟರ್ ಎನ್ನುತ್ತಾರೆ. ಅದು ಲಾರಿಯನ್ನು ರಿಪೇರಿ ಮಾಡುವುದಿಲ್ಲ. ಸೆನ್ಸರ್‌ಗಳ ಹೆಸರಿನಲ್ಲಿ “ಎಲ್ಲ ಸರಿ ಇದೆ” ಎಂಬ ಸುಳ್ಳು ಸಂದೇಶವನ್ನು ಕಂಪ್ಯೂಟರ್‌ಗೆ ಕಳಿಸುತ್ತಿರುತ್ತದೆ. ಡಿಇಎಫ್ ಪಂಪು ನಿಲ್ಲುತ್ತದೆ, ದೀಪ ಆರುತ್ತದೆ. ಕೆಲವರು ಬಾಕ್ಸಿನ ಬದಲು ಕಂಪ್ಯೂಟರಿನ ಸಾಫ್ಟ್‌ವೇರನ್ನೇ ತಿದ್ದುತ್ತಾರೆ. ಇನ್ನು ಕೆಲವರು ಡಿಪಿಎಫ್ ಒಳಗಿನ ಜರಡಿಯನ್ನು ಒಡೆದು ತೆಗೆದು ಖಾಲಿ ಡಬ್ಬಿಯನ್ನು ಮತ್ತೆ ಬೆಸೆದಿಡುತ್ತಾರೆ. ವಿಧಾನ ಯಾವುದೇ ಆದರೂ ಕಾನೂನಿನ ಕಣ್ಣಿಗೆ ಅದು ಅನುಮತಿ ಇಲ್ಲದ ಮಾರ್ಪಾಡೇ.

ನಂಬಿಕೆ 1: “ಎಮಿಷನ್ ಟೆಸ್ಟ್ ಪಾಸಾದರೆ ಎಲ್ಲವೂ ಸರಿ”

ತಪ್ಪು. ಡೀಸೆಲ್ ವಾಹನದ ಎಮಿಷನ್ ಟೆಸ್ಟಿನಲ್ಲಿ ಆಕ್ಸಿಲರೇಟರ್ ಒತ್ತಿ, ಹೊಗೆ ಎಷ್ಟು ದಟ್ಟವಾಗಿದೆ ಎಂದಷ್ಟೇ ಅಳೆಯುತ್ತಾರೆ. ನೈಟ್ರೋಜನ್ ಆಕ್ಸೈಡನ್ನು ಆ ಯಂತ್ರ ಅಳೆಯುವುದೇ ಇಲ್ಲ. ಡಿಪಿಎಫ್ ತೆಗೆದರೆ ಮಸಿ ಕಾಣುತ್ತದೆ, ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಆದರೆ ಯೂರಿಯಾ ಮಾತ್ರ ನಿಲ್ಲಿಸಿದರೆ ಹೊಗೆಯ ಬಣ್ಣ ಬದಲಾಗುವುದಿಲ್ಲ. ಟೆಸ್ಟ್ ಸಲೀಸಾಗಿ ಪಾಸಾಗುತ್ತದೆ. “ಹೊಗೆನೇ ಬರ್ತಿಲ್ಲವಲ್ಲ” ಎಂಬ ಸಮಾಧಾನ ಹುಟ್ಟುವುದೂ ಇಲ್ಲಿಂದಲೇ.

ಎಮಿಷನ್ ಸರ್ಟಿಫಿಕೇಟ್ ಹೇಳುವುದು ಇಷ್ಟೇ: ಆ ದಿನ, ಆ ಹೊತ್ತಿನಲ್ಲಿ, ಹೊಗೆಯ ದಟ್ಟಣೆ ಮಿತಿಯೊಳಗಿತ್ತು. ಗಾಡಿಯಲ್ಲಿ ಮಾರ್ಪಾಡು ಆಗಿಲ್ಲ ಎಂದು ಅದು ಎಲ್ಲಿಯೂ ಹೇಳುವುದಿಲ್ಲ.

ನಂಬಿಕೆ 2: “ಗಾಡಿ ನನ್ನದು, ಏನು ಬೇಕಾದರೂ ಮಾಡಿಸಿಕೊಳ್ಳಬಹುದು”

ಇದೂ ತಪ್ಪು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಗಳಿಗೂ ಆರ್‌ಸಿಯಲ್ಲಿ ದಾಖಲಾದ ವಿವರಗಳಿಗೂ ಹೊಂದದಂತೆ ಮಾಲೀಕ ವಾಹನವನ್ನು ಬದಲಾಯಿಸುವಂತಿಲ್ಲ. ಆರ್‌ಸಿಯಲ್ಲಿ ಬಿಎಸ್-6 ಎಂದು ಬರೆದಿದ್ದು, ಬಿಎಸ್-6 ಮಾಡುವ ಸಾಧನವೇ ಕೆಲಸ ಮಾಡದಿದ್ದರೆ ಆ ದಾಖಲೆಗೆ ಅರ್ಥವೇನು? ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶವಿಲ್ಲ ಎಂದು ಸ್ಪಷ್ಟಪಡಿಸಿದೆ.

ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಎಂಬ ಹೊಸ ಕಲಂ ಸೇರಿತು. ಅದರ 4ನೇ ಉಪಕಲಂ ಪ್ರಕಾರ, ಅನುಮತಿ ಇಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ 6 ತಿಂಗಳವರೆಗೆ ಸಜೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ‘ಪ್ರತಿ ಮಾರ್ಪಾಡಿಗೆ’ ಎಂಬ ಮಾತನ್ನು ಗಮನಿಸಿ. ಬಾಕ್ಸ್ ಹಾಕಿಸಿ ಡಿಪಿಎಫ್ ಕೂಡ ತೆಗೆಸಿದ್ದರೆ ಎರಡನ್ನೂ ಬೇರೆ ಬೇರೆ ಎಣಿಸಲು ಅವಕಾಶವಿದೆ. ಈ ಉಪಕಲಂ ಹೆಸರಿಸುವುದು ಮಾಲೀಕನನ್ನು, ಗ್ಯಾರೇಜಿನವನನ್ನಲ್ಲ. ಡೀಲರ್ ಅಥವಾ ತಯಾರಕರೇ ಇಂಥ ಕೆಲಸ ಮಾಡಿದರೆ ಮಾತ್ರ 1ನೇ ಉಪಕಲಂ ಅಡಿ ಒಂದು ವರ್ಷದವರೆಗೆ ಸಜೆ ಅಥವಾ ಪ್ರತಿ ವಾಹನಕ್ಕೆ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಇದೆ.

ನಂಬಿಕೆ 3: “ಮಾಲೀಕರು ಮಾಡಿಸಿದ್ದು, ಚಾಲಕನಿಗೇನು ಸಂಬಂಧ?”

ಹೆಚ್ಚು ಜನಕ್ಕೆ ಗೊತ್ತಿಲ್ಲದ ವಿಷಯ ಇದು. ಕಾಯ್ದೆಯ 190(2)ನೇ ಕಲಂ, ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನವನ್ನು ‘ಓಡಿಸುವವರು, ಓಡಿಸಲು ಬಿಡುವವರು’ ಇಬ್ಬರಿಗೂ ಅನ್ವಯಿಸುತ್ತದೆ. ಮೊದಲ ಸಲದ ಅಪರಾಧಕ್ಕೆ 3 ತಿಂಗಳವರೆಗೆ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದರ ಜೊತೆಗೆ 3 ತಿಂಗಳು ಲೈಸೆನ್ಸ್ ಹೊಂದುವ ಅರ್ಹತೆ ಹೋಗುತ್ತದೆ. ಎರಡನೇ ಸಲಕ್ಕೆ ಸಜೆ 6 ತಿಂಗಳವರೆಗೂ ಆಗಬಹುದು.

ಡಿಇಎಫ್ ಉಳಿತಾಯ ಸೇರುವುದು ಮಾಲೀಕನ ಜೇಬಿಗೆ. ಲೈಸೆನ್ಸ್ ಹೋದರೆ ಮೂರು ತಿಂಗಳು ಮನೆಯಲ್ಲಿ ಕೂರಬೇಕಾದವನು ಚಾಲಕ. ಸಂಬಳಕ್ಕೆ ಓಡಿಸುವ ಚಾಲಕರು ಗಾಡಿ ವಹಿಸಿಕೊಳ್ಳುವಾಗ ಡಿಇಎಫ್ ಟ್ಯಾಂಕಿನ ಮಟ್ಟ ಇಳಿಯುತ್ತಿದೆಯೇ ಎಂದು ಗಮನಿಸುವುದು ಒಳ್ಳೆಯದು. ಸಾವಿರಾರು ಕಿಲೋಮೀಟರ್ ಓಡಿದರೂ ಮುಳ್ಳು ಅಲ್ಲಾಡದಿದ್ದರೆ ಕಾರಣ ಕೇಳಿ.

ದಂಡ ಕಟ್ಟಿದರೆ ಮುಗಿಯಿತೇ?

ಇಲ್ಲ. ಲಾರಿ ಮಾಲೀಕರಿಗೆ ದಂಡಕ್ಕಿಂತ ದೊಡ್ಡ ಹೊಡೆತ ಬೀಳುವುದು ಬೇರೆ ಕಡೆ.

ಎಫ್‌ಸಿ: ವಾಹನ ನಿಯಮಕ್ಕೆ ತಕ್ಕಂತಿಲ್ಲ ಎಂದು ಕಂಡರೆ 56ನೇ ಕಲಂ ಅಡಿ ಎಫ್‌ಸಿ ರದ್ದು ಮಾಡಬಹುದು, 53ನೇ ಕಲಂ ಅಡಿ ನೋಂದಣಿಯನ್ನೇ ಅಮಾನತಿನಲ್ಲಿ ಇಡಬಹುದು. ಎಫ್‌ಸಿ ಇಲ್ಲದ ಸಾರಿಗೆ ವಾಹನಕ್ಕೆ ಸರಿಯಾದ ನೋಂದಣಿಯೇ ಇಲ್ಲ ಎಂದು ಕಾಯ್ದೆ ಪರಿಗಣಿಸುತ್ತದೆ. ಗಾಡಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ.

ವಿಮೆ: ವಾಹನದಲ್ಲಿ ಮಾಡಿದ ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸಬೇಕು. ತಿಳಿಸದೇ ಬಾಕ್ಸ್ ಹಾಕಿಸಿ, ಆಮೇಲೆ ಗಾಡಿಗೆ ಬೆಂಕಿ ಬಿತ್ತು ಎಂದಿಟ್ಟುಕೊಳ್ಳಿ. ಸರ್ವೇಯರ್ ಕಣ್ಣಿಗೆ ಕತ್ತರಿಸಿದ ವೈರು ಬಿದ್ದರೆ, ಕ್ಲೇಮ್ ತಕರಾರಿಗೆ ನಾವೇ ಕಾರಣ ಒದಗಿಸಿದಂತೆ.

ವಾರಂಟಿ: ಎಸ್‌ಸಿಆರ್, ಡಿಪಿಎಫ್, ಇಂಜಿನ್ ಕಂಪ್ಯೂಟರ್ ಎಲ್ಲವೂ ದುಬಾರಿ ಭಾಗಗಳು. ಮಾರ್ಪಾಡಿನ ಗುರುತು ಸಿಕ್ಕರೆ ವಾರಂಟಿ ಕೇಳುವ ದಾರಿ ಮುಚ್ಚುತ್ತದೆ. ಹಾಗೆಯೇ, ಬಹಳ ದಿನ ಡಿಇಎಫ್ ಹರಿಯದೆ ನಿಂತರೆ ಪಂಪು, ಪೈಪು, ನಾಝಲ್‌ಗಳಲ್ಲಿ ಯೂರಿಯಾ ಹರಳುಗಟ್ಟುತ್ತದೆ. ಮತ್ತೆ ಮೊದಲಿನಂತೆ ಮಾಡಿಸುವ ಖರ್ಚು ಉಳಿಸಿದ ಹಣವನ್ನು ನುಂಗಬಹುದು.

ಒಂದು ಲಾರಿಯಿಂದ ಏನು ಮಹಾ?

ಈ ಪ್ರಶ್ನೆಗೆ ಅಮೆರಿಕದಲ್ಲಿ ಲೆಕ್ಕ ಸಿಕ್ಕಿದೆ. ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಕೊಟ್ಟ ವರದಿಯ ಪ್ರಕಾರ, ಸುಮಾರು ಹತ್ತು ವರ್ಷಗಳಲ್ಲಿ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ ವಾಹನಗಳಿಂದ ಇಂಥ ಸಾಧನಗಳನ್ನು ತೆಗೆಯಲಾಗಿತ್ತು. ಅವು ತಮ್ಮ ಆಯುಷ್ಯದಲ್ಲಿ ಹೆಚ್ಚುವರಿಯಾಗಿ ಬಿಡುವ ನೈಟ್ರೋಜನ್ ಆಕ್ಸೈಡ್ 5.7 ಲಕ್ಷ ಟನ್. ಸರಿಯಾಗಿರುವ 90 ಲಕ್ಷ ಪಿಕಪ್‌ಗಳನ್ನು ರಸ್ತೆಗೆ ಹೆಚ್ಚಾಗಿ ಇಳಿಸಿದ್ದಕ್ಕೆ ಇದು ಸಮ.

ಯೂರಿಯಾ ನಿಂತ ಬಿಎಸ್-6 ಲಾರಿ ‘ಹಳೇ ಲಾರಿಯಂತೆ’ ಆಗುತ್ತದೆ ಎಂದುಕೊಂಡರೆ ಅದೂ ಪೂರ್ತಿ ಸರಿಯಲ್ಲ. ಎಸ್‌ಸಿಆರ್ ಹೇಗೂ ಶುದ್ಧ ಮಾಡುತ್ತದೆ ಎಂಬ ಭರವಸೆಯ ಮೇಲೆ ಹೊಸ ಇಂಜಿನ್‌ಗಳನ್ನು ಹೊಂದಿಸಿರುತ್ತಾರೆ. ಆ ಭರವಸೆ ತೆಗೆದರೆ, ಬಿಎಸ್-4 ಲಾರಿಗಿಂತ ಹೆಚ್ಚು ನೈಟ್ರೋಜನ್ ಆಕ್ಸೈಡ್ ಬರುವ ಸಾಧ್ಯತೆಯೂ ಇದೆ. ಈ ಅನಿಲ ಶ್ವಾಸನಾಳವನ್ನು ಕೆರಳಿಸುತ್ತದೆ, ಆಸ್ತಮಾ ಹೆಚ್ಚಿಸುತ್ತದೆ, ಗಾಳಿಯಲ್ಲಿ ಓಝೋನ್ ಮತ್ತು ಸೂಕ್ಷ್ಮ ಕಣಗಳು ಹುಟ್ಟಲು ಕಾರಣವಾಗುತ್ತದೆ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ಕುಡಿಯುವವರು ಚಾಲಕ, ಕ್ಲೀನರ್, ಹೆದ್ದಾರಿ ಪಕ್ಕದ ಹೋಟೆಲಿನವರು.

ಹಾಗಾದರೆ ದೀಪ ಹೊತ್ತಿದಾಗ ಏನು ಮಾಡಬೇಕು?

• ಮೊದಲು ಡಿಇಎಫ್ ನೋಡಿ. ಗೊಬ್ಬರದ ಯೂರಿಯಾ ಕಲಸಿದ ನೀರು, ತೆರೆದ ಕ್ಯಾನಿನ ಹಳೇ ದ್ರಾವಣ, ಬೋರ್‌ವೆಲ್ ನೀರು ಬೆರೆಸಿದ್ದು, ಇವೇ ಅನೇಕ ಸಲ ತೊಂದರೆಯ ಮೂಲ. ಮೊಹರು ಇರುವ ಕ್ಯಾನನ್ನೇ ಕೊಳ್ಳಿ, ಬಿಲ್ ಇಟ್ಟುಕೊಳ್ಳಿ.
• ಸ್ಕ್ಯಾನರ್ ಹಾಕಿಸಿ ಕೋಡ್ ತೆಗೆಸಿ. ಸೆನ್ಸರ್ ಒಂದು ಕೆಟ್ಟಿದ್ದರೆ ಅದನ್ನು ಬದಲಿಸಿದರೆ ಸಾಕು. ಅದೇ ಗುಣಮಟ್ಟದ ಭಾಗ ಹಾಕಿಸುವುದು ರಿಪೇರಿ. ಅದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ.
• ಡಿಪಿಎಫ್ ಕಟ್ಟಿಕೊಂಡಿದ್ದರೆ ತೆಗೆಸಬೇಡಿ, ಶುಚಿ ಮಾಡಿಸಿ.
• ಸೆಕೆಂಡ್‌ಹ್ಯಾಂಡ್ ಲಾರಿ ಕೊಳ್ಳುವ ಮುನ್ನ ಸ್ಕ್ಯಾನ್ ಮಾಡಿಸಿ. ಹಿಂದಿನ ಮಾಲೀಕ ಹಾಕಿಸಿದ ಬಾಕ್ಸಿಗೆ ಮುಂದೆ ಉತ್ತರ ಹೇಳಬೇಕಾದವರು ನೀವೇ.
• ಈಗಾಗಲೇ ಬಾಕ್ಸ್ ಹಾಕಿಸಿದ್ದರೆ, ಎಫ್‌ಸಿ ದಿನ ಬರುವವರೆಗೆ ಕಾಯದೆ ಅಧಿಕೃತ ಸರ್ವೀಸ್ ಸೆಂಟರ್‌ನಲ್ಲಿ ಮೊದಲಿನಂತೆ ಮಾಡಿಸಿ, ಬಿಲ್ ಜೋಪಾನವಾಗಿಡಿ. ಕೇಸು ಆಗಿದ್ದರೆ ಮೋಟಾರು ವಾಹನ ಪ್ರಕರಣ ನೋಡುವ ವಕೀಲರನ್ನು ಕಾಣಿ.

ಒಟ್ಟಿನಲ್ಲಿ, “ಟೆಸ್ಟ್ ಪಾಸಾಗುತ್ತೆ, ಯಾರಿಗೂ ಗೊತ್ತಾಗಲ್ಲ” ಎಂಬ ಮಾತಿನ ಮೊದಲ ಭಾಗ ನಿಜವಿರಬಹುದು. ಎರಡನೇ ಭಾಗವನ್ನು ನಂಬಿ ಆರ್‌ಸಿ, ಲೈಸೆನ್ಸ್, ವಿಮೆ ಮೂರನ್ನೂ ಪಣಕ್ಕಿಡುವುದು ಬೇಡ. ಬಾಕ್ಸ್ ಆರಿಸುವುದು ದೀಪವನ್ನು ಮಾತ್ರ. ತೊಂದರೆ ಗಾಡಿಯೊಳಗೆ ಹಾಗೆಯೇ ಉಳಿದಿರುತ್ತದೆ.