ಹಡಗಿನಲ್ಲಿ ಜಾರಿ ಬಿದ್ದರೆ ತಪ್ಪು ಯಾರದು?

“ಬಿದ್ದದ್ದು ನಾನು, ನೋವೂ ನನ್ನದೇ. ಅದಕ್ಕೆ ಹಡಗಿನವರ ಮೇಲೆ ಕೇಸು ಹಾಕೋದು ಅಂದ್ರೆ ಏನ್ರೀ ಅರ್ಥ? ನಾಚಿಕೆ ಆಗಲ್ವೇ?”

ನಮ್ಮ ಎದುರುಮನೆಯ ಟೀಚರಮ್ಮ ಹೀಗೆ ಕೇಳಿದಾಗ ನನಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ನಿವೃತ್ತರಾದ ಮೇಲೆ ಅವರೂ ಅವರ ಯಜಮಾನರೂ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದರು. ಮಗಳು, ಅಳಿಯ ಅಕ್ಕರೆಯಿಂದ ಮಯಾಮಿ ಬಂದರಿನಿಂದ ಹೊರಡುವ ವಿಹಾರದ ಹಡಗಿನಲ್ಲಿ ಐದು ದಿನ ಸುತ್ತಾಡಿಸಿದರು. ಮೂರನೆಯ ದಿನ ಈಜುಕೊಳದ ಪಕ್ಕದಲ್ಲಿ ನಡೆಯುವಾಗ ನೀರು ನಿಂತಿದ್ದ ಕಡೆ ಟೀಚರಮ್ಮನ ಕಾಲು ಜಾರಿತು. ಕಾಲಲ್ಲಿ ಇದ್ದದ್ದು ಸವೆದ ಹವಾಯಿ ಚಪ್ಪಲಿ. ಮಂಡಿ ಊದಿಕೊಂಡರೂ, “ಮಗಳು ಅಷ್ಟು ಖರ್ಚು ಮಾಡಿದ್ದಾಳೆ, ಬೇಜಾರು ಮಾಡ್ಕೊಳ್ತಾಳೆ” ಎಂದು ಯಾರಿಗೂ ಹೇಳದೆ ನೋವಿನ ಮುಲಾಮು ತಿಕ್ಕಿಕೊಂಡು ಸುಮ್ಮನಾದರು.

ಊರಿಗೆ ಬಂದ ಮೇಲೆ ನೋವು ಹೆಚ್ಚಿತು. ಮಂಡಿಯೊಳಗಿನ ತಂತು ಹರಿದಿದೆ, ಶಸ್ತ್ರಚಿಕಿತ್ಸೆ ಆಗಬೇಕು ಎಂದರು ಡಾಕ್ಟರು. ಆಗ ಮಗಳಿಗೆ ನಿಜ ಹೇಳಿದರು. ಮಗಳು ಹಳೆಯ ಟಿಕೆಟ್ಟನ್ನು ತೆಗೆದು ಓದಿದಳು. ಗಾಯವಾದ ಆರು ತಿಂಗಳೊಳಗೆ ಕಂಪನಿಗೆ ಬರೆದು ತಿಳಿಸಬೇಕು ಎಂದು ಅದರಲ್ಲಿತ್ತು. ಆಗಲೇ ಹತ್ತು ತಿಂಗಳು ಕಳೆದಿತ್ತು!

ಈಚೆಗೆ ನಮ್ಮ ಸಣ್ಣ ಊರುಗಳಿಂದಲೂ ಮಕ್ಕಳ ಮನೆಗೆಂದು ವಿದೇಶಕ್ಕೆ ಹೋಗುವ ತಾಯಂದಿರು ಎಷ್ಟೋ ಮಂದಿ. ‘ಕ್ರೂಸ್’ ಎಂಬ ಈ ಹಡಗಿನ ವಿಹಾರ ಅವರ ಪ್ರವಾಸದಲ್ಲಿ ಸೇರಿಕೊಳ್ಳುತ್ತಿದೆ. ಆದ್ದರಿಂದ ಟೀಚರಮ್ಮನ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ತೇಲುವ ಊರು

ಹಡಗು ಎಂದ ಕೂಡಲೇ ನಾವು ದೋಣಿಯ ದೊಡ್ಡಣ್ಣನನ್ನು ಕಲ್ಪಿಸಿಕೊಳ್ಳುತ್ತೇವೆ. ಈಗಿನ ಹಡಗುಗಳು ಹಾಗಿಲ್ಲ. 2024ರಲ್ಲಿ ಸಂಚಾರ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಎಂಬ ಹಡಗಿಗೆ ಇಪ್ಪತ್ತು ಅಂತಸ್ತು. ಭರ್ತಿಯಾದರೆ 7,600 ಪ್ರಯಾಣಿಕರು ಹಿಡಿಸುತ್ತಾರೆ, ಕೆಲಸಗಾರರು ಬೇರೆ. ಹೋಟೆಲು, ಈಜುಕೊಳ, ನಾಟಕಶಾಲೆ, ಅಂಗಡಿ, ಪುಟ್ಟ ಆಸ್ಪತ್ರೆ ಎಲ್ಲವೂ ಅದರೊಳಗೇ. ಅಷ್ಟು ಜನ ಓಡಾಡುವ ಕಡೆ ಜಾರುವುದು, ಮೆಟ್ಟಿಲು ತಪ್ಪುವುದು, ಹೊಟ್ಟೆ ಕೆಡುವುದು ಸಹಜವೇ. ಆದರೆ ಆಮೇಲಿನ ಹೊಣೆ ಯಾರದು?

ಟಿಕೆಟ್ಟೆಂದರೆ ಬರೀ ಚೀಟಿಯಲ್ಲ

ಇದಕ್ಕೆ ಒಂದು ಪ್ರಸಿದ್ಧ ಮೊಕದ್ದಮೆ ಇದೆ. ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ವಾಷಿಂಗ್ಟನ್ ರಾಜ್ಯದ ದಂಪತಿ ಲಾಸ್ ಏಂಜಲೀಸಿನಿಂದ ಮೆಕ್ಸಿಕೋ ಕಡೆಗೆ ಹಡಗಿನಲ್ಲಿ ಹೊರಟಿದ್ದರು. ನಮ್ಮ ನಿಮ್ಮ ಹಾಗೆಯೇ ಆಕೆಗೂ ಇಷ್ಟು ಜನಕ್ಕೆ ಅಡುಗೆ ಹೇಗೆ ಮಾಡುತ್ತಾರೆ ಎಂಬ ಕುತೂಹಲ ಇದ್ದಿರಬೇಕು. ಹಡಗಿನ ಅಡುಗೆಮನೆ ತೋರಿಸುತ್ತೇವೆಂದಾಗ ನೋಡಲು ಹೋದರು. ಅಲ್ಲಿ ನೆಲಹಾಸಿನ ಮೇಲೆ ಜಾರಿ ಬಿದ್ದರು. ತಮ್ಮ ಊರಿನ ಕೋರ್ಟಿನಲ್ಲಿ ದಾವೆ ಹೂಡಿದರು. ಹಡಗಿನ ಕಂಪನಿ ಕಾರ್ನಿವಲ್, “ಟಿಕೆಟ್ಟು ಓದಿ. ವ್ಯಾಜ್ಯವೇನಿದ್ದರೂ ಫ್ಲೋರಿಡಾದಲ್ಲೇ ಎಂದು ಅಚ್ಚಾಗಿದೆ” ಎಂದಿತು. ಫ್ಲೋರಿಡಾ ಇರುವುದು ಆ ದೇಶದ ಇನ್ನೊಂದು ತುದಿಯ ಆಗ್ನೇಯ ಮೂಲೆಯಲ್ಲಿ!

1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕಂಪನಿಯ ಮಾತನ್ನೇ ಎತ್ತಿಹಿಡಿಯಿತು. ಊರೂರಿನ ಪ್ರಯಾಣಿಕರು ಊರೂರಿನಲ್ಲಿ ದಾವೆ ಹೂಡಿದರೆ ಕಂಪನಿಗೆ ಕಷ್ಟ, ಒಂದೇ ಕಡೆ ಎಂದಾದರೆ ಖರ್ಚು ತಗ್ಗಿ ಟಿಕೆಟ್ಟಿನ ದರವೂ ತಗ್ಗುತ್ತದೆ ಎಂಬುದು ಅದರ ತರ್ಕ. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಇಬ್ಬರು ಒಪ್ಪಲಿಲ್ಲ. ಇಂಥ ಷರತ್ತು ಬಹಳ ಕೂಲಂಕಷವಾಗಿ ಓದುವವರ ಕಣ್ಣಿಗೆ ಮಾತ್ರ ಬೀಳುತ್ತದೆ ಎಂಬುದು ನ್ಯಾಯಮೂರ್ತಿ ಸ್ಟೀವನ್ಸ್ ಅವರ ಆಕ್ಷೇಪ. ಆದರೂ ತೀರ್ಪು ತೀರ್ಪೇ.

ಗಡುವಿನ ಕಥೆಯೂ ಹೀಗೆಯೇ. ಕಡಲಿನಲ್ಲಾದ ಗಾಯಕ್ಕೆ ದಾವೆ ಹೂಡಲು ಅಮೆರಿಕದ ಕಾನೂನು ಸಾಮಾನ್ಯವಾಗಿ ಮೂರು ವರ್ಷ ಕೊಡುತ್ತದೆ. ಆದರೆ ಟಿಕೆಟ್ಟಿನಲ್ಲಿ ಬರೆದು ಅದನ್ನು ಒಂದು ವರ್ಷಕ್ಕೂ, ಲಿಖಿತ ಸೂಚನೆಯ ಅವಧಿಯನ್ನು ಆರು ತಿಂಗಳಿಗೂ ಇಳಿಸಿಕೊಳ್ಳಲು ಕಂಪನಿಗಳಿಗೆ ಅನುಮತಿಯಿದೆ. ಟೀಚರಮ್ಮನಿಗೆ ಅಡ್ಡ ಬಂದದ್ದು ಇದೇ.

ಬಚ್ಚಲಮನೆಯ ಪಾಚಿ

ಸರಿ, ಗಡುವಿನೊಳಗೆ ಹೋದರೆ ಗೆಲುವು ಖಂಡಿತವೇ? ಹಾಗೇನೂ ಇಲ್ಲ.

ನಮ್ಮ ಮನೆಯ ಮಾತನ್ನೇ ತೆಗೆದುಕೊಳ್ಳಿ. ನೆಂಟರು ಬಂದಿದ್ದಾರೆ. ಬಚ್ಚಲಲ್ಲಿ ವಾರದಿಂದ ಪಾಚಿ ಕಟ್ಟಿದೆ. ನಮಗೆ ಗೊತ್ತಿದ್ದೂ ಉಜ್ಜಲಿಲ್ಲ, ಹೇಳಲೂ ಇಲ್ಲ. ನೆಂಟರು ಬಿದ್ದರೆ ತಪ್ಪು ನಮ್ಮದು. ಆದರೆ ಈಗಷ್ಟೇ ಮಗು ಚೆಲ್ಲಿದ ನೀರು ನಮ್ಮ ಗಮನಕ್ಕೇ ಬಂದಿಲ್ಲದಿದ್ದರೆ? ಅಥವಾ “ನೆಲ ಒದ್ದೆ, ನಿಧಾನ” ಎಂದು ಕೂಗಿ ಹೇಳಿದರೂ ನೆಂಟರು ಓಡಿ ಬಂದಿದ್ದರೆ?

ಅಮೆರಿಕದ ಕಡಲ ಕಾನೂನು ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದೆ. ಹಡಗಿನ ಮೇಲೆ ನ್ಯಾಯವಾಗಿ ಬಂದಿರುವ ಪ್ರತಿಯೊಬ್ಬರ ವಿಷಯದಲ್ಲೂ ಸಂದರ್ಭಕ್ಕೆ ತಕ್ಕ ಎಚ್ಚರ ವಹಿಸುವುದು ಹಡಗಿನವರ ಕರ್ತವ್ಯ ಎಂದು 1959ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. 1989ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ, ಒದ್ದೆ ನೆಲದಲ್ಲಿ ಜಾರಿದ ಪ್ರಯಾಣಿಕರೊಬ್ಬರ ಮೊಕದ್ದಮೆಯಲ್ಲಿ, ಅಪಾಯ ಹಡಗಿನವರಿಗೆ ತಿಳಿದಿತ್ತು ಅಥವಾ ತಿಳಿದಿರಬೇಕಿತ್ತು ಎಂದು ತೋರಿಸಬೇಕು ಎಂದಿತು. ಎದ್ದು ಕಾಣುವ ಅಪಾಯವನ್ನು ಬಾಯಿಬಿಟ್ಟು ಹೇಳಬೇಕಾದ ಹೊಣೆ ಹಡಗಿನವರಿಗಿಲ್ಲ.

ಇಬ್ಬರದೂ ತಪ್ಪಿದ್ದರೆ? ಇದಕ್ಕೆ ಉತ್ತರ 1890ರಷ್ಟು ಹಳೆಯದು. ಹಡಗಿನಲ್ಲಿ ಬಿದ್ದು ಗಾಯಗೊಂಡ ಕೂಲಿಕಾರನೊಬ್ಬನ ಮೊಕದ್ದಮೆಯಲ್ಲಿ ಅವನ ಅಜಾಗರೂಕತೆಯೂ ಸೇರಿತ್ತು. ಅಷ್ಟಕ್ಕೇ ಅವನಿಗೆ ಪೂರ್ತಿ ಪರಿಹಾರ ನಿರಾಕರಿಸಲಾಗದು ಎಂದಿತು ಸುಪ್ರೀಂ ಕೋರ್ಟು. ಈಗಿನ ಲೆಕ್ಕದಲ್ಲಿ ಹೇಳುವುದಾದರೆ, ನಷ್ಟ ಒಂದು ಲಕ್ಷ ಡಾಲರು, ಪ್ರಯಾಣಿಕರ ತಪ್ಪು ನೂರಕ್ಕೆ ಮೂವತ್ತು ಎಂದಾದರೆ ಸಿಗುವುದು ಎಪ್ಪತ್ತು ಸಾವಿರ. ಸವೆದ ಚಪ್ಪಲಿಯ ಪಾಲು ಕಳೆದು ಉಳಿದದ್ದು ಎಂದು ತಿಳಿಯಿರಿ!

ಮನಸ್ಸು ಹಿಂಡುವ ಪ್ರಕರಣ

ಈ ಪಾಲಿನ ಲೆಕ್ಕ ಕೆಲವೊಮ್ಮೆ ಬಹಳ ಕಠಿಣವಾಗುತ್ತದೆ. 2019ರಲ್ಲಿ ಪೋರ್ಟೊ ರಿಕೊ ಬಂದರಿನಲ್ಲಿ ನಿಂತಿದ್ದ ಹಡಗಿನಲ್ಲಿ ಅಜ್ಜನೊಬ್ಬ ಪುಟ್ಟ ಮೊಮ್ಮಗಳನ್ನು ಎತ್ತಿ ಕಿಟಕಿಯ ಬಳಿ ಹಿಡಿದ. ಕಿಟಕಿ ತೆರೆದಿತ್ತು. ಮಗು ಕೈಜಾರಿ ಕೆಳಕ್ಕೆ ಬಿದ್ದು ಅಸುನೀಗಿತು. ಗಾಜು ಮುಚ್ಚಿದೆ ಎಂದುಕೊಂಡಿದ್ದೆ ಎಂದ ಅಜ್ಜ. ಮಕ್ಕಳು ಓಡಾಡುವ ಕಡೆ ಅಂಥ ಕಿಟಕಿ ಇಟ್ಟದ್ದೇ ತಪ್ಪೆಂದು ತಂದೆತಾಯಿ ದಾವೆ ಹೂಡಿದರು. ಕಿಟಕಿ ತೆರೆದಿದ್ದುದು ಎದ್ದು ಕಾಣುವಂತಿತ್ತು ಎಂದು 2021ರಲ್ಲಿ ಮಯಾಮಿಯ ಫೆಡರಲ್ ನ್ಯಾಯಾಧೀಶರು ದಾವೆಯನ್ನು ತಳ್ಳಿಹಾಕಿದರು. ಅಜ್ಜನೂ ಅಜಾಗರೂಕತೆಯ ತಪ್ಪನ್ನು ಒಪ್ಪಿಕೊಂಡಿದ್ದ. ಜೈಲು ತಪ್ಪಿತು, ದುಃಖ ತಪ್ಪಲಿಲ್ಲ.

ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಮೊಮ್ಮಕ್ಕಳನ್ನು ಎತ್ತಿ ಆಡಿಸದ ಅಜ್ಜ ಅಜ್ಜಿ ಯಾರಿದ್ದಾರೆ? ಅಮೆರಿಕದ 2010ರ ಕಾನೂನಿನ ಪ್ರಕಾರ ಹಡಗಿನ ಕಟಕಟೆ 42 ಅಂಗುಲ, ಎಂದರೆ ಮೂರೂವರೆ ಅಡಿ ಎತ್ತರವಿರಬೇಕು. ಆದರೆ ಮಗುವನ್ನು ನಾವೇ ಅದಕ್ಕಿಂತ ಮೇಲೆ ಎತ್ತಿದರೆ ಆ ಕಟಕಟೆ ಇದ್ದೂ ಇಲ್ಲದಂತೆ.

ಆದರೆ ಎಲ್ಲವೂ ನಮ್ಮ ತಪ್ಪಲ್ಲ!

“ಹಾಗಾದ್ರೆ ನಾನು ಸುಮ್ಮನಿದ್ದದ್ದೇ ಸರಿಯಾಯ್ತು ಬಿಡಿ” ಎಂದರು ಟೀಚರಮ್ಮ. ನಾನು ಒಪ್ಪಲಿಲ್ಲ.

2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿಯಿತು. ದಡಕ್ಕೆ ತೀರ ಹತ್ತಿರ ಹಡಗು ಒಯ್ದದ್ದು ಕಪ್ತಾನ. 32 ಜನ ಸತ್ತರು. ಅವರಲ್ಲಿ ಪರಿಚಾರಕನಾಗಿದ್ದ ಭಾರತೀಯನೊಬ್ಬನೂ ಇದ್ದ. ಕಪ್ತಾನನಿಗೆ 2015ರಲ್ಲಿ 16 ವರ್ಷ ಶಿಕ್ಷೆಯಾಯಿತು. ಊಟಕ್ಕೆ ಕುಳಿತಿದ್ದ ಪ್ರಯಾಣಿಕರ ತಪ್ಪೇನಿತ್ತು?

ಕೋವಿಡ್ ಕಾಲದ ‘ರೂಬಿ ಪ್ರಿನ್ಸೆಸ್’ ನೆನಪಿರಬಹುದು. 2020ರ ಮಾರ್ಚಿಯಲ್ಲಿ ಸಿಡ್ನಿಯಿಂದ ಹೊರಟು ಮರಳಿದ ಆ ಹಡಗಿನ ಸೋಂಕಿಗೆ 28 ಜನ ಬಲಿಯಾದರು. ಕಾಯಿಲೆ ಬಿದ್ದ ಗಂಡನ ಶುಶ್ರೂಷೆ ಮಾಡಿದ, ತಾನೂ ಸೋಂಕು ತಗಲಿಸಿಕೊಂಡ ಹೆಂಗಸೊಬ್ಬರು ಎಲ್ಲರ ಪರವಾಗಿ ದಾವೆ ನಡೆಸಿದರು. ಕಂಪನಿ ನಿರ್ಲಕ್ಷ್ಯ ತೋರಿತೆಂದು 2023ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದ ಫೆಡರಲ್ ಕೋರ್ಟು ತೀರ್ಪಿತ್ತಿತು. ಆಕೆಗೆ ಸಿಕ್ಕ ಹಣ? ಆಸ್ಪತ್ರೆಯ ವೆಚ್ಚವೆಂದು ನಾಲ್ಕೂವರೆ ಸಾವಿರದೊಳಗಿನ ಆಸ್ಟ್ರೇಲಿಯನ್ ಡಾಲರು ಮತ್ತು ಬಡ್ಡಿ, ಅಷ್ಟೇ. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಹೈಕೋರ್ಟು, ಒಟ್ಟಾಗಿ ದಾವೆ ಹೂಡುವಂತಿಲ್ಲ ಎಂಬ ಟಿಕೆಟ್ಟಿನ ಷರತ್ತು ಅನ್ಯಾಯದ್ದು ಎಂದು ಸಾರಿತು. ಅಚ್ಚಾದದ್ದೆಲ್ಲ ವೇದವಾಕ್ಯವಲ್ಲ!

ಹಡಗಿನ ವೈದ್ಯರ ಮಾತೂ ಹಾಗೆಯೇ. ಅವರ ತಪ್ಪಿಗೆ ಕಂಪನಿ ಜವಾಬ್ದಾರಿಯಲ್ಲ ಎಂಬ ವಾದ ಬಹುಕಾಲ ನಡೆದಿತ್ತು. ತಲೆಗೆ ಪೆಟ್ಟು ಬಿದ್ದ ವೃದ್ಧರೊಬ್ಬರು ತೀರಿಕೊಂಡ ಪ್ರಕರಣದಲ್ಲಿ, ಮಗಳು ಹೂಡಿದ ದಾವೆ ನಡೆಯಬಹುದು ಎಂದು 2014ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಹೇಳಿ ಆ ವಾದವನ್ನು ಬದಿಗೆ ಸರಿಸಿತು.

ಹೊರಡುವ ಮುನ್ನ ಗಮನದಲ್ಲಿಡಿ

• ಟಿಕೆಟ್ಟಿನ ಷರತ್ತುಗಳನ್ನು ಮಕ್ಕಳಿಂದ ಓದಿಸಿ ಕೇಳಿ. ಸೂಚನೆಯ ಗಡುವು, ದಾವೆಯ ಗಡುವು, ಯಾವ ಊರಿನ ಕೋರ್ಟು – ಈ ಮೂರನ್ನು ಡೈರಿಯಲ್ಲಿ ಬರೆದಿಡಿ.

• ಹಡಗಿನ ಆಸ್ಪತ್ರೆ ಪುಕ್ಕಟೆಯಲ್ಲ. ಹಡಗಿನ ಪ್ರಯಾಣಕ್ಕೂ ಅನ್ವಯಿಸುವ ಆರೋಗ್ಯ ವಿಮೆ ಮಾಡಿಸಿ. ಮಾತ್ರೆಗಳನ್ನು, ಡಾಕ್ಟರ ಚೀಟಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.

• ಹಿಡಿತವಿರುವ, ಹಿಮ್ಮಡಿ ಕಟ್ಟಿದ ಪಾದರಕ್ಷೆ ಹಾಕಿ. ಸೀರೆಯ ನೆರಿಗೆಯನ್ನು ಸ್ವಲ್ಪ ಮೇಲಕ್ಕೆ ಉಡಿ. ಮೆಟ್ಟಿಲಲ್ಲಿ ಒಂದು ಕೈ ಕಟಕಟೆಯ ಮೇಲಿರಲಿ.

• ಮಕ್ಕಳನ್ನು ಕಟಕಟೆಯ ಮೇಲೆ, ಕಿಟಕಿಯ ಅಂಚಿನಲ್ಲಿ ಕೂರಿಸಬೇಡಿ, ಫೋಟೋಗೆಂದೂ ಸಹ.

• ಬಿದ್ದರೆ ಮುಚ್ಚಿಡಬೇಡಿ. ಆಗಲೇ ತಿಳಿಸಿ, ವರದಿ ಬರೆಸಿ, ಪ್ರತಿ ಕೇಳಿ. ಬಿದ್ದ ಜಾಗದ, ಗಾಯದ ಫೋಟೋ ತೆಗೆಸಿ. ನೋಡಿದವರ ಹೆಸರು ಬರೆದುಕೊಳ್ಳಿ. ಅಲ್ಲಿ ಕ್ಯಾಮೆರಾ ಇದ್ದರೆ ಅದರ ಚಿತ್ರ ಅಳಿಸದಂತೆ ಬರೆದು ಕೊಡಿ.

• ಮುಂಬೈ, ಗೋವಾ, ಲಕ್ಷದ್ವೀಪದ ಕಡೆ ನಮ್ಮ ದೇಶದಲ್ಲೇ ಹಡಗಿನ ವಿಹಾರ ಮಾಡುವವರು ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಅನ್ನು ಮರೆಯಬೇಡಿ. ಸೇವೆಯಲ್ಲಿ ಲೋಪವಾದರೆ ಎರಡು ವರ್ಷದೊಳಗೆ, ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು.

ಟೀಚರಮ್ಮನ ಮಂಡಿ ಈಗ ವಾಸಿಯಾಗಿದೆ. ಖರ್ಚು ಮಾತ್ರ ಅವರ ಪಿಂಚಣಿಯಿಂದಲೇ ಹೋಯಿತು. ಮೊನ್ನೆ ಸಂಜೆ ಹೂವು ಕಟ್ಟುತ್ತಾ ಕುಳಿತವರು ತಾವಾಗಿಯೇ ಹೇಳಿದರು: “ಹಳೇ ಚಪ್ಪಲಿ ಹಾಕ್ಕೊಂಡು ಹೋಗಿದ್ದು ನನ್ನ ತಪ್ಪು ಕಣ್ರೀ, ಒಪ್ಕೋತೀನಿ. ಆದ್ರೆ ಆ ನೆಲ ಒರೆಸಬೇಕಾದವಳು ನಾನಲ್ಲವಲ್ಲ! ಅವತ್ತೇ ಒಂದು ಮಾತು ಹೇಳಿದ್ರೆ, ನನ್ನ ಹಿಂದೆ ಬಂದ ಇನ್ನೊಬ್ಬರಾದ್ರೂ ಬೀಳದೆ ಉಳೀತಿದ್ರೋ ಏನೋ.”

ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ದೊಡ್ಡ ಗುಣ. ಆದರೆ ಇನ್ನೊಬ್ಬರ ತಪ್ಪನ್ನೂ ನಮ್ಮ ತಲೆಯ ಮೇಲೆ ಹೊತ್ತು ಮೌನವಾಗಿ ನರಳುವುದು ಗುಣವಲ್ಲ. ನಾವು ಹೆಂಗಸರು ಈ ಎರಡರ ನಡುವಿನ ವ್ಯತ್ಯಾಸವನ್ನು ಹಡಗು ಹತ್ತುವ ಮೊದಲೇ ಕಲಿತಿರುವುದು ಒಳ್ಳೆಯದು. ಏನಂತೀರಿ?