ಇನಿಶಿಯಲ್‌ನಲ್ಲಿ ಉಳಿದ ಊರು

ಪಲ್ಲಾವರಂನಲ್ಲಿ ಕೂತು ಅಥೆನ್ಸ್‌ನ ಗ್ರಾಹಕರಿಗೆ ಕೆಲಸ ಮಾಡಿಕೊಡುವ ನನಗೆ ದಿನಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುವ ಹೆಸರು ಪಪಡೊಪುಲೊಸ್. ನಮ್ಮಲ್ಲಿ ಪಾಟೀಲರು, ಗೌಡರು ಇದ್ದಂತೆ ಗ್ರೀಸಿನಲ್ಲಿ ಎಲ್ಲಿ ಹೋದರೂ ಈ ಹೆಸರಿನವರು ಸಿಗುತ್ತಾರೆ. ‘ಪಪಾಸ್’ ಎಂದರೆ ಪಾದ್ರಿ, ‘ಪುಲೊಸ್’ ಎಂದರೆ ಮಗ. ಆರ್ಥೊಡಾಕ್ಸ್ ಚರ್ಚಿನಲ್ಲಿ ಮದುವೆಯಾದವರೂ ಪಾದ್ರಿಗಳಾಗಬಹುದು. ಹಾಗಾಗಿ ಹಳ್ಳಿಹಳ್ಳಿಯಲ್ಲೂ ಪಾದ್ರಿಯ ಮಕ್ಕಳಿದ್ದರು.

ಹೆಸರಿನ ಬಾಲ ನೋಡಿ ಮೂಲ ಊಹಿಸುವುದೂ ಉಂಟು. ‘ಪುಲೊಸ್’ ಪೆಲೊಪೊನೀಸ್ ಕಡೆಯದು, ‘ಆಕಿಸ್’ ಕ್ರೀಟ್ ದ್ವೀಪದ್ದು, ‘ಇದಿಸ್’ ಹೆಚ್ಚಾಗಿ ಕಪ್ಪು ಸಮುದ್ರದ ದಂಡೆಯಿಂದ ಬಂದವರದು. ಹೆಣ್ಣುಮಕ್ಕಳಾದರೆ ‘ಪಪಡೊಪುಲು’, ಅಂದರೆ ಪಪಡೊಪುಲೊಸ್ ಮನೆಯವಳು. 1983ರ ಕಾನೂನಿನ ನಂತರ ಅಲ್ಲಿ ಮದುವೆಯಾದ ಮೇಲೂ ಹೆಣ್ಣಿಗೆ ತವರಿನ ಹೆಸರೇ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳ ಅಪ್ಪನ ಅಕ್ಷರ ಮದುವೆಯೊಂದಿಗೇ ಹೋಗಿ ಗಂಡನ ಅಕ್ಷರ ಬಂದು ಕೂರುತ್ತದೆ.

ಗ್ರೀಕರ ಹೆಸರು ಎಂದೋ ಹೆಪ್ಪುಗಟ್ಟಿತು. ಮರಿಮೊಮ್ಮಗ ಎಂಜಿನಿಯರ್ ಆದರೂ ಅವನು ‘ಪಾದ್ರಿಯ ಮಗ’ನೇ. ನಮ್ಮ ಹಳೇ ಮೈಸೂರಿನ ಇನಿಶಿಯಲ್ ಹಾಗಲ್ಲ, ತಲೆಮಾರಿಗೊಮ್ಮೆ ಬದಲಾಗುತ್ತದೆ. ಕುವೆಂಪು ಎಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಊರು, ಅಪ್ಪ, ಆಮೇಲೆ ತಾನು. ಉತ್ತರ ಕರ್ನಾಟಕದಲ್ಲಿ ಇದೇ ಮೂರನ್ನು ತಿರುಗಿಸಿ ಇಡುತ್ತಾರೆ. ವಿನಾಯಕ ಕೃಷ್ಣ ಗೋಕಾಕ ಎಂಬಲ್ಲಿ ಊರು ಕೊನೆಗೆ ಬಂದು ಅಡ್ಡಹೆಸರಾಗಿ ನಿಂತಿದೆ.

ತಮಿಳರಲ್ಲೂ ಮೊದಲು ಎರಡು ಅಕ್ಷರದ ರೂಢಿಯಿತ್ತು. ಸಿ.ಎನ್. ಅಣ್ಣಾದುರೈ ಅವರ ‘ಸಿ’ ಕಾಂಜೀವರಂ, ‘ಎನ್’ ತಂದೆ ನಟರಾಜನ್. ಈಗ ನಮ್ಮ ಅಕ್ಕಪಕ್ಕದ ಮನೆಯ ಮಕ್ಕಳಿಗೆಲ್ಲ ಅಪ್ಪನ ಒಂದೇ ಅಕ್ಷರ. ನನ್ನ ಹೆಸರಿನ ಮುಂದೆ ತುರುವೇಕೆರೆಯ ‘ಟಿ’ ಇದೆ, ಅಪ್ಪನ ‘ಎಸ್’ ಇದೆ. ಇಲ್ಲೇ ಹುಟ್ಟಿದ ಮಗಳ ಶಾಲೆಯ ದಾಖಲೆಯಲ್ಲಿ ಇರುವುದು ನನ್ನದೊಂದೇ ಅಕ್ಷರ. ಊರು ಸದ್ದಿಲ್ಲದೆ ಬಿಟ್ಟುಹೋಗಿತ್ತು.

ಅದು ತಿಳಿದದ್ದು ಪಾಸ್‌ಪೋರ್ಟ್ ಅರ್ಜಿ ತುಂಬುವಾಗ. ಅಲ್ಲಿ ಬರೀ ಅಕ್ಷರ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗ ಖಾಲಿ ಬಿಟ್ಟರೂ ತೊಂದರೆ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದು ಭೇಟಿ ವೀಸಾದಲ್ಲಿ ಬರುವವರಿಗೆ ಪ್ರವೇಶವಿಲ್ಲ ಎಂದಿತು. ಪಾಸ್‌ಪೋರ್ಟ್‌ನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂಬ ಸ್ಪಷ್ಟನೆ ಆಮೇಲೆ ಬಂತು. ಅಷ್ಟರಲ್ಲಿ ದಕ್ಷಿಣ ಭಾರತದ ಅದೆಷ್ಟೋ ಮನೆಗಳಲ್ಲಿ ಗಾಬರಿ ಹುಟ್ಟಿತ್ತು.

ಹೊರರಾಜ್ಯದಲ್ಲಿ ಮಕ್ಕಳ ಹೆಸರು ಬರೆಸುವವರಿಗೆ ನನ್ನದೊಂದು ಮಾತು. ಶಾಲೆಗೆ ಸೇರಿಸುವ ಮೊದಲೇ ಹೆಸರು ತೀರ್ಮಾನಿಸಿಕೊಳ್ಳಿ. ಜನನ ಪತ್ರ, ಆಧಾರ್, ಪಾನ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಬಿಡಿಸಿ ಬರೆದ ಒಂದೇ ರೂಪ ಇರಲಿ. ಒಂದು ಕಡೆ ಅಪ್ಪನ ಹೆಸರು, ಇನ್ನೊಂದು ಕಡೆ ಊರು ಎಂದಾದರೆ ತಿದ್ದುಪಡಿಗೆ ಅಲೆಯುವುದು ತಪ್ಪದು.

ನಾನು ಅಪ್ಪನ ಹೆಸರು ಬರೆಯೋಣ ಎಂದಿದ್ದೆ. ನನ್ನಾಕೆ ಒಪ್ಪಲಿಲ್ಲ. ‘ಅಪ್ಪ ಯಾರೆಂದು ಅವಳಿಗೆ ಗೊತ್ತು, ಮರೆಯುವುದು ಊರನ್ನು’ ಎಂದಳು. ಕೊನೆಗೆ ಸರ್‌ನೇಮ್ ಜಾಗದಲ್ಲಿ ತುರುವೇಕೆರೆ ಎಂದೇ ಬರೆಸಿ, ಉಳಿದ ದಾಖಲೆಗಳನ್ನೂ ಅದಕ್ಕೆ ಸರಿಯಾಗಿ ತಿದ್ದಿಸಿದೆವು. ಮುಂದೆ ಅವಳ ಮಕ್ಕಳೂ ಇದನ್ನೇ ಇಟ್ಟುಕೊಂಡರೆ ನಮ್ಮ ಊರೂ ಗ್ರೀಕರ ಪಾದ್ರಿಯಂತೆ ಒಂದು ಅಡ್ಡಹೆಸರಾಗಿ ಉಳಿಯುತ್ತದೆ. ಅದು ಕೆರೆಯಿರುವ ಊರು ಎಂದು ಅವರಿಗೆ ಹೇಳುವ ಕೆಲಸ ಮಾತ್ರ ನಮ್ಮದೇ.